ಯಾರೂ ಒಯ್ಯದ ಹಸಿರು ಅಂಗಿ

ಹೆಚ್ಚುವರಿ ಹೇಳಿಕೆ. ಬರೆದುಕೊಳ್ಳಲು ಆರಂಭಿಸಿದ್ದು: 2025ರ ಜೂನ್ 5, ಗುರುವಾರ, ಬೆಳಿಗ್ಗೆ 10.20.

ಹೇಳಿಕೆ ಕೊಡುತ್ತಿರುವವರು: ಆರೋಪಿಯ ಹೆಂಡತಿ, ನೊಂದ ಹುಡುಗಿಯ ದೊಡ್ಡಮ್ಮ. ವಯಸ್ಸು 56. ಕಸುಬು: ಲಾಂಡ್ರಿಯಲ್ಲಿ ಬಟ್ಟೆಗೆ ಗುರುತು ಹಾಕುವುದು, ಮೂವತ್ತೊಂದು ವರ್ಷದಿಂದ. ವಾಸ: ನಿನ್ನೆ ಸಂಜೆಯವರೆಗೆ ಲಾಂಡ್ರಿಯ ಮೇಲಿನ ಮನೆ, ಈಗ ಬಸ್ ನಿಲ್ದಾಣದ ಎದುರಿನ ವಸತಿಗೃಹ, ಕೋಣೆ ಸಂಖ್ಯೆ 6. ಹುಡುಗಿಯ ಗುರುತು ಹೊರಗೆ ಗೊತ್ತಾಗಬಾರದೆಂಬ ನಿಯಮವಿರುವುದರಿಂದ ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಹೆಸರುಗಳು ಮುಚ್ಚಿದ ಲಕೋಟೆಯಲ್ಲಿ ಬೇರೆಯಾಗಿವೆ. ಅಂಗಡಿಯಲ್ಲಿ ನನ್ನನ್ನು ಎಲ್ಲರೂ ನಂಬರಮ್ಮ ಎನ್ನುತ್ತಾರೆ.

ನಾನು ಇದೇ ಠಾಣೆಯಲ್ಲಿ 2024ರ ಮಾರ್ಚ್ 25ರ ಸೋಮವಾರ ಒಂದು ಹೇಳಿಕೆ ಕೊಟ್ಟಿದ್ದೆ. ಈ ಮೂಲಕ ತಿಳಿಸಬೇಕಾದದ್ದು, ಅಂದೇ ತಿಳಿಸಬೇಕಾಗಿದ್ದದ್ದು, ಏನೆಂದರೆ ಆ ಹೇಳಿಕೆ ಸುಳ್ಳು. ಹುಡುಗಿ ನನಗೆ ಏನೂ ಹೇಳಲಿಲ್ಲ ಎಂದದ್ದು ಸುಳ್ಳು. ಅವಳು ನನ್ನ ಕೈಗೆ ಯಾವ ಬಟ್ಟೆಯನ್ನೂ ಕೊಡಲಿಲ್ಲ ಎಂದದ್ದು ಸುಳ್ಳು. ಆ ಹೊತ್ತಿನಲ್ಲಿ ಆರೋಪಿ ಅಂಗಡಿಯಲ್ಲಿರಲಿಲ್ಲ ಎಂದದ್ದೂ ಸುಳ್ಳು. ಬರುವ ಸೋಮವಾರ, ಜೂನ್ 9ರಂದು, ಇವೇ ಸುಳ್ಳುಗಳನ್ನು ನ್ಯಾಯಾಧೀಶರ ಮುಂದೆ ಹೇಳಲು ನನ್ನನ್ನು ಆರೋಪಿಯ ಪರ ಸಾಕ್ಷಿಯಾಗಿ ಕರೆಸಿದ್ದಾರೆ. ನಾನು ಹೇಳಿದರೆ ಹುಡುಗಿಯ ಮಾತು ಬಿದ್ದುಹೋಗುತ್ತದೆ. ಆದ್ದರಿಂದ ಇಂದು ನಾನಾಗಿಯೇ ನಡೆದು ಬಂದಿದ್ದೇನೆ, ಯಾರೂ ಕರೆತಂದಿಲ್ಲ.

ಆರೋಪಿ ನನ್ನ ಗಂಡ, ಲಾಂಡ್ರಿಯ ಮಾಲೀಕ. ಮೂವತ್ಮೂರು ವರ್ಷ ಅವರನ್ನು ‘ಇವರು’ ಎಂದೇ ಹೇಳಿಕೊಂಡು ಬಂದೆ. ಈ ಕಾಗದದಲ್ಲಿ ಆರೋಪಿ ಎಂದೇ ಬರೆಯಿರಿ ಎಂದು ಕೇಳಿಕೊಂಡಿದ್ದೇನೆ. ಹುಡುಗಿ ನನ್ನ ತೀರಿಹೋದ ತಂಗಿಯ ಮಗಳು. ತಂದೆ ಅದಕ್ಕೂ ಮೊದಲೇ ಹೋಗಿದ್ದರು. ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಸೂಟ್‌ಕೇಸ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ನಮಗೆ ಮಕ್ಕಳಿಲ್ಲ. ಆರೋಪಿಯನ್ನು ದೊಡ್ಡಪ್ಪ ಎನ್ನುತ್ತಿದ್ದಳು. ಘಟನೆ ನಡೆದಾಗ ಅವಳಿಗೆ ಇಪ್ಪತ್ತಮೂರು ವರ್ಷ. ಓದು ಮುಗಿಸಿ ಎರಡು ವರ್ಷದಿಂದ ಲಾಂಡ್ರಿಯಲ್ಲೇ ಕೆಲಸ ಮಾಡುತ್ತಿದ್ದಳು.

ನನ್ನ ಕೆಲಸವನ್ನು ಸ್ವಲ್ಪ ವಿವರಿಸಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಂಗಡಿಗೆ ಬಂದ ಬಟ್ಟೆ ಮೊದಲು ನನ್ನ ಮೇಜಿಗೆ ಬರುತ್ತದೆ. ಅದನ್ನು ಬಿಡಿಸಿ, ಹಿಂದೆ ಮುಂದೆ ನೋಡಿ, ಬೆರಳುದ್ದದ ಬಿಳಿ ಪಟ್ಟಿಯ ಮೇಲೆ ನೀರಿಗೆ ಹೋಗದ ಶಾಯಿಯಲ್ಲಿ ತಾರೀಖು ಮತ್ತು ಅಂದಿನ ಸಂಖ್ಯೆ ಬರೆಯುತ್ತೇನೆ. ಅದರ ಕೆಳಗೆ, ಬರುವಾಗಲೇ ಬಟ್ಟೆಯಲ್ಲಿದ್ದ ದೋಷ. ಕಿತ್ತುಹೋದ ಒಂದೊಂದು ಗುಂಡಿಗೆ ಒಂದೊಂದು ಸೊನ್ನೆ. ಹೊಲಿಗೆ ಬಿಚ್ಚಿದ್ದರೆ ಒಂದು ಅಡ್ಡಗೆರೆ, ಪಕ್ಕದಲ್ಲಿ ಎಷ್ಟು ಇಂಚು ಎಂದು. ಕಲೆಯಿದ್ದರೆ ಅದರ ಮೊದಲಕ್ಷರ ಮತ್ತು ಜಾಗ. ಆ ಪಟ್ಟಿಯನ್ನು ಕಾಲರಿನ ಒಳಗೆ ಹೊಲಿಯುತ್ತೇನೆ. ನಿಮ್ಮಲ್ಲೇ ಹರಿದದ್ದು ಎಂದು ಜಗಳಕ್ಕೆ ಬರುವ ಗಿರಾಕಿಗಳಿಗೆ ಈ ಪಟ್ಟಿ ತೋರಿಸಿದರೆ ಸಾಕು, ಬಾಲ ಮುದುರಿಕೊಂಡು ಹೋಗುತ್ತಾರೆ. ಬಟ್ಟೆಯನ್ನು ವಾಪಸು ಒಯ್ಯುವಾಗ ಮಾತ್ರ ಪಟ್ಟಿ ಬಿಚ್ಚುವುದು. ಒಯ್ಯದೆ ಉಳಿದವನ್ನು ಹಿಂದಿನ ಸ್ಟ್ಯಾಂಡಿಗೆ ನೇತುಹಾಕುತ್ತೇವೆ, ಎಸೆಯುವುದಿಲ್ಲ. ಅಲ್ಲಿ ಒಂಬತ್ತು ವರ್ಷದಿಂದ ಒಬ್ಬ ಮದುಮಗನ ಕೋಟು ನೇತಾಡುತ್ತಿದೆ. ಮದುವೆ ನಿಂತಿತೋ, ಮದುಮಗ ದಪ್ಪಗಾದನೋ ಗೊತ್ತಿಲ್ಲ.

2024ರ ಮಾರ್ಚ್ 12, ಮಂಗಳವಾರ. ಆ ವಾರ ಆಸ್ಪತ್ರೆಯೊಂದರ ನಾನ್ನೂರು ಹಾಸುಬಟ್ಟೆಗಳ ಕೆಲಸ ಬಂದಿತ್ತು. ಮಧ್ಯಾಹ್ನ 4 ಗಂಟೆಗೆ ತೊಳೆಯುವ ಇಬ್ಬರು ಮನೆಗೆ ಹೊರಟರು. ಅಂಗಡಿಯಲ್ಲಿ ಉಳಿದವರು ನಾನು, ಹುಡುಗಿ, ಆರೋಪಿ ಮತ್ತು ಇಸ್ತ್ರಿಯವರು. ಇಸ್ತ್ರಿಯವರಿಗೆ ಅರವತ್ಮೂರು ವರ್ಷ, ಇಪ್ಪತ್ತೆರಡು ವರ್ಷದಿಂದ ನಮ್ಮಲ್ಲೇ ಹಬೆಯ ಇಸ್ತ್ರಿ ಮಾಡುತ್ತಾರೆ, ಎಲ್ಲರಿಗೂ ಅವರು ಹಬೆಯಣ್ಣ. 4.35ಕ್ಕೆ ಹುಡುಗಿ ಒದ್ದೆ ಹಾಸುಬಟ್ಟೆಗಳ ಗಾಡಿ ತಳ್ಳಿಕೊಂಡು ಒಣಗಿಸುವ ಕೋಣೆಗೆ ಹೋದಳು. 4.40ಕ್ಕೆ ಆರೋಪಿ ಅದೇ ಕೋಣೆಗೆ ಹೋದರು. ಗೋಡೆ ಗಡಿಯಾರ ನನ್ನ ಎದುರಿಗೇ ಇದೆ. ಅವರು ಆಗ ವ್ಯಾನಿನಲ್ಲಿ ಬಟ್ಟೆ ತಲುಪಿಸಲು ಹೋಗಿದ್ದರೆಂದು ನಾನು ಬರೆಸಿದ್ದೆ. ವ್ಯಾನಿನ ಕೀಲಿ ನನ್ನ ಬಲಗಡೆಯ ಮೊಳೆಯಲ್ಲಿತ್ತು. ಕೀಲಿಯಿಲ್ಲದೆ ವ್ಯಾನು ಹೋಗುವುದಿಲ್ಲ.

ನನ್ನ ಮೇಜಿನಿಂದ ಆ ಕೋಣೆಯ ಬಾಗಿಲಿಗೆ 34 ಅಡಿ. ಕೋಣೆ 12 ಅಡಿ ಉದ್ದ, 9 ಅಡಿ ಅಗಲ, ಕಿಟಕಿಯಿಲ್ಲ. ಹಿಂದಿನ ಗೋಡೆಯುದ್ದಕ್ಕೂ ಬಟ್ಟೆ ಹರವಲು ಒಂದರ ಮೇಲೊಂದು ಎರಡು ಕಬ್ಬಿಣದ ಪೈಪುಗಳಿವೆ, ನಡುವೆ ಒಂಬತ್ತು ಇಂಚು ಅಂತರ. ಆಗ ಎರಡೂ ತುಕ್ಕು ಹಿಡಿದಿದ್ದವು. ದೊಡ್ಡ ಫ್ಯಾನು ಓಡುತ್ತಿದ್ದರೆ ಒಳಗಿನ ಸದ್ದು ಹೊರಗೆ ಕೇಳುವುದಿಲ್ಲ. ಆ ಹೊತ್ತಿನಲ್ಲಿ ಫ್ಯಾನು ಓಡುತ್ತಿತ್ತು. 4.58ಕ್ಕೆ ಆರೋಪಿ ಹೊರಗೆ ಬಂದರು. ನನ್ನ ಮೇಜಿನ ಮೇಲಿದ್ದ ಬಾಟಲಿ ಎತ್ತಿ ನೀರು ಕುಡಿದರು, ಮುಚ್ಚಳ ಹಾಕದೆ ಇಟ್ಟು ಮೇಲಿನ ಮನೆಗೆ ಹೋದರು. ಮುಚ್ಚಳವನ್ನು ನಾನು ಹಾಕಿದೆ.

5.50ಕ್ಕೆ ಹುಡುಗಿ ನನ್ನ ಮೇಜಿನ ಬಳಿ ಬಂದಳು. ಬೇರೆ ಬಟ್ಟೆ ಹಾಕಿಕೊಂಡಿದ್ದಳು. ಬೆಳಿಗ್ಗೆಯಿಂದ ತೊಟ್ಟಿದ್ದ ಹಸಿರು ಕಾಟನ್ ಅಂಗಿಯನ್ನು ಮಡಿಸಿ ಎದೆಗೆ ಒತ್ತಿಕೊಂಡಿದ್ದಳು. ದೊಡ್ಡಪ್ಪ ಒಳಗಿನಿಂದ ಅಗುಳಿ ಹಾಕಿ ತನ್ನ ಮೇಲೆ ಬಲಾತ್ಕಾರ ಮಾಡಿದರೆಂದು ಹೇಳಿದಳು. ಅಳಲಿಲ್ಲ. ಹೇಳುವಾಗ ಎರಡು ಸಲ ‘ದೊಡ್ಡಮ್ಮ, ನಿಂತ್ಕೊಳ್ಳೋಕಾಗ್ತಿಲ್ಲ’ ಎಂದಳು. ನಾನು ಕುರ್ಚಿ ಕೊಡಲಿಲ್ಲ. ನನ್ನ ಬಾಯಿಂದ ಬಂದ ಮೊದಲ ಮಾತು, ಇದನ್ನು ಯಾರಿಗಾದರೂ ಹೇಳಿದೆಯಾ ಎಂಬುದು. ಇಲ್ಲ ಎಂದಳು. ನನಗೆ ಸಮಾಧಾನವಾಯಿತು. ಆ ಸಮಾಧಾನವನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅವಳು ಅಂಗಿಯನ್ನು ಮೇಜಿನ ಮೇಲಿಟ್ಟು, ‘ಇದು ನಿನ್ನ ಹತ್ರ ಇರ್ಲಿ ದೊಡ್ಡಮ್ಮ’ ಎಂದಳು.

ಮೇಜಿನ ಮೇಲೆ ಬಿದ್ದದ್ದನ್ನು ಏನು ಮಾಡಬೇಕೋ ಅದನ್ನು ನಾನು ಮಾಡಿದೆ. ಅಂಗಿಯನ್ನು ಬಿಡಿಸಿದೆ. ಮುಂದೆ ನೋಡಿದೆ, ಹಿಂದೆ ನೋಡಿದೆ. ಪಟ್ಟಿಯ ಮೇಲೆ 12/3–41 ಎಂದು ಬರೆದೆ. ಎರಡು ಸೊನ್ನೆ: ಎದೆಯ ಮೇಲಿನ ಎರಡು ಗುಂಡಿ ಬಟ್ಟೆಯ ಚೂರಿನ ಸಮೇತ ಕಿತ್ತುಹೋಗಿದ್ದವು. ಒಂದು ಅಡ್ಡಗೆರೆ, 4 ಇಂಚು: ಎಡ ಭುಜದ ಹೊಲಿಗೆ. ‘ತು, ಬೆನ್ನು, 2’: ಬೆನ್ನಿನ ಮೇಲೆ ಅಡ್ಡಡ್ಡಲಾಗಿ ಎರಡು ತುಕ್ಕಿನ ಗೆರೆ. ಇನ್ನೂ ಎರಡು ಕಲೆ, ಅವನ್ನೂ ಬರೆದೆ, ಪಟ್ಟಿಯಲ್ಲಿ ಓದಿಕೊಳ್ಳಬಹುದು. ಹೊಲಿದೆ. ಅವಳು ಎದುರಿಗೆ ನಿಂತು ನೋಡುತ್ತಿದ್ದಳು, ನಾನು ಅವಳ ಮುಖ ನೋಡದೆ ಯಾರೋ ಗಿರಾಕಿ ಎಂಬಂತೆ ಕೆಲಸ ಮುಗಿಸಿದೆ. ಮೇಲೆ ಹೋಗಿ ಮಲಗು ಎಂದೆ. ಮೇಲೆ ಆರೋಪಿ ಇದ್ದರು. ಅದು ನನಗೆ ಹೊಳೆದದ್ದು ಅವಳು ಅಲ್ಲಾಡದೆ ನಿಂತಾಗ. ಅವಳು ಆ ದಿನ ಹಾಸುಬಟ್ಟೆಗಳ ಮೂಟೆಯ ಮೇಲೆ, ಅಂಗಡಿಯಲ್ಲೇ ಮಲಗಿದಳು.

6.10ಕ್ಕೆ ನಾನು ಆ ಅಂಗಿಯನ್ನು ಎರಡನೆಯ ಯಂತ್ರಕ್ಕೆ ಹಾಕಿ ತೊಳೆದೆ. ರೂಢಿಯ ಕೈ ಹಾಗೆ ಮಾಡಿಬಿಟ್ಟಿತು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅದರಲ್ಲಿ ಅರ್ಧ ನಿಜ. ಇನ್ನರ್ಧ ಏನೆಂದರೆ, ತೊಳೆದರೆ ಆದದ್ದೂ ಹೋಗುತ್ತದೆ ಎಂದುಕೊಂಡೆ. ಉಳಿದ ಕಲೆಗಳು ಹೋದವು. ತುಕ್ಕು ಸೋಪಿಗೆ ಬಿಡುವುದಿಲ್ಲ, ಅದಕ್ಕೆ ಬೇರೆ ದ್ರಾವಣ ಬೇಕು. ಆ ಶೀಶೆ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲ ಎಂದು ಅಧಿಕಾರಿ ಕೇಳಿದರು. ಗೊತ್ತಿಲ್ಲ.

7.30ಕ್ಕೆ ಆರೋಪಿ ಊಟಕ್ಕೆ ಕೂತರು. ಎರಡನೆಯ ಸಲ ಬಡಿಸಿಕೊಂಡರು. ಬಡಿಸಿದವಳು ನಾನು.

ಮರುದಿನ ಬೆಳಿಗ್ಗೆ 7 ಗಂಟೆಗೆ ಹುಡುಗಿ ಠಾಣೆಗೆ ಹೋಗಬೇಕೆಂದಳು. ಆಸ್ಪತ್ರೆಯ ಕೆಲಸ ಮುಗಿಯುವವರೆಗೆ ಸುಮ್ಮನಿರು, ಆಮೇಲೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಹೇಳಿದೆ. ಕೆಲಸ ಮುಗಿಯಲು ಹತ್ತು ದಿನವಾಯಿತು. ಆ ಹತ್ತೂ ದಿನ ಅವಳು ನಾನ್ನೂರು ಹಾಸುಬಟ್ಟೆ ಮಡಿಸಿದಳು, ಒಣಗಿಸುವ ಕೋಣೆಗೆ ಮಾತ್ರ ಹೋಗಲಿಲ್ಲ. ಆ ಗಾಡಿಯನ್ನು ಹಬೆಯಣ್ಣ ಯಾರೂ ಹೇಳದೆಯೇ ತಾವೇ ತಳ್ಳಿದರು. ಹನ್ನೊಂದನೆಯ ದಿನ, ಮಾರ್ಚ್ 23ರ ಶನಿವಾರ, ಬೆಳಿಗ್ಗೆ 9ಕ್ಕೆ ಅವಳು ನನ್ನ ಮುಂದೆ ಬಂದು ನಿಂತಳು. ನಾನು ಬಟ್ಟೆ ಎಣಿಸುತ್ತಿದ್ದೆ, ತಲೆ ಎತ್ತಲಿಲ್ಲ. ಅವಳು ಒಬ್ಬಳೇ ಠಾಣೆಗೆ ಹೋದಳು. ಅಂದಿನಿಂದ ಅವಳು ಮಹಿಳಾ ಹಾಸ್ಟೆಲಿನಲ್ಲಿದ್ದಾಳೆ, ನನ್ನೊಂದಿಗೆ ಮಾತಾಡಿಲ್ಲ.

ಇನ್ನೊಂದು ವಿಷಯ. ಮಾರ್ಚ್ 14ರಂದು, ಅಂದರೆ ಯಾವ ದೂರೂ ಇರದಿದ್ದಾಗ, ಬೆಳಿಗ್ಗೆ 8ಕ್ಕೆ ಆರೋಪಿ ಒಣಗಿಸುವ ಕೋಣೆಯ ಎರಡೂ ಪೈಪುಗಳಿಗೆ ತಾವೇ ಕೂತು ಬೂದು ಬಣ್ಣ ಬಳಿದರು. ಹನ್ನೊಂದು ವರ್ಷ ನಾನು ಆ ತುಕ್ಕಿನ ಬಗ್ಗೆ ಗೊಣಗಿದ್ದೆ, ಕಿವಿಗೆ ಹಾಕಿಕೊಂಡಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಯಾರೂ ಇನ್ನೂ ಕಳ್ಳ ಎಂದೇ ಇರಲಿಲ್ಲ. ಬಣ್ಣ ಕೆರೆದರೆ ತುಕ್ಕು ಈಗಲೂ ಕೆಳಗಿದೆ.

ಮಾರ್ಚ್ 24, ಭಾನುವಾರ, ಸಂಜೆ 4 ಗಂಟೆಗೆ ನನ್ನ ನಾದಿನಿಯ ಮನೆಯಲ್ಲಿ ಸೇರಿದೆವು. ನಾದಿನಿ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ಊಟದ ಮೇಜಿನ ಸುತ್ತ ನನ್ನನ್ನು, ಅವರ ಯಜಮಾನರನ್ನು ಮತ್ತು ಹಬೆಯಣ್ಣನನ್ನು ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ನೋಟ್‌ಬುಕ್ ಕೊಟ್ಟು ಉಕ್ತಲೇಖನ ಬರೆಸಿದರು. ಹುಡುಗಿ ಯಾರನ್ನೋ ಮದುವೆಯಾಗಲು ಹಟ ಹಿಡಿದಿದ್ದಳು, ದೊಡ್ಡಪ್ಪ ಒಪ್ಪಲಿಲ್ಲ, ಆ ಸೇಡಿಗೆ ಕಥೆ ಕಟ್ಟಿದ್ದಾಳೆ ಎಂಬುದು ಪಾಠ. ಅಂಥ ಹುಡುಗ ಯಾರೂ ಇರಲಿಲ್ಲ. ‘ಅತ್ತಿಗೆ, ಒಂದು ಪದ ಆಚೀಚೆ ಆಗ್ಬಾರ್ದು, ಪೊಲೀಸರು ಅದನ್ನೇ ಹಿಡೀತಾರೆ’ ಎಂದು ನಾದಿನಿ ಹೇಳಿದರು. ಐದು ಸಲ ಬರೆಸಿದರು, ಕೆಂಪು ಪೆನ್ನಿನಲ್ಲಿ ತಿದ್ದಿದರು, ನನಗೆ ಹತ್ತಕ್ಕೆ ಏಳು ಅಂಕ ಕೊಟ್ಟರು. ಹಬೆಯಣ್ಣನಿಗೆ ಬರೆಯಲು ಬರುವುದಿಲ್ಲ. ‘ನಾನೇನೂ ನೋಡ್ಲಿಲ್ಲ’ ಎಂದು ಐದು ಸಲ ಬಾಯಲ್ಲಿ ಹೇಳಿಸಿದರು. ಆರೋಪಿ ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಿದ್ದರು. ಅಂಗಿಯ ಬಗ್ಗೆ ನಾದಿನಿಗೆ ನಾನೇ ಹೇಳಿದ್ದೆ. ಅದನ್ನು ಸುಟ್ಟುಬಿಡಿ ಎಂದರು. ಆಗಲಿ ಎಂದೆ.

ಸುಡಲಿಲ್ಲ. ಇದನ್ನು ನನ್ನ ಒಳ್ಳೆಯತನವೆಂದು ಬರೆದುಕೊಳ್ಳಬೇಡಿ. ಗುರುತು ಹಾಕಿದ ಬಟ್ಟೆ ಸುಡುವುದು ನಮ್ಮ ಕಸುಬಿನಲ್ಲಿಲ್ಲ, ಕೈ ಬರಲಿಲ್ಲ, ಅಷ್ಟೇ. ಪ್ಲಾಸ್ಟಿಕ್ ಕವರಿಗೆ ಹಾಕಿ ಒಯ್ಯದ ಬಟ್ಟೆಗಳ ಸ್ಟ್ಯಾಂಡಿಗೆ ನೇತುಹಾಕಿದೆ, ಮದುಮಗನ ಕೋಟಿನ ಪಕ್ಕಕ್ಕೆ. ಮಾರ್ಚ್ 26ರಂದು ತಮ್ಮ ಠಾಣೆಯ ಇಬ್ಬರು ಬಂದು ಮನೆಯ ಬೀರು, ಯಂತ್ರಗಳ ಒಳಗೆ, ಮೂಟೆಗಳ ನಡುವೆ ಹುಡುಕಿದರು. ಸ್ಟ್ಯಾಂಡಿನ ಮುಂದೆ ನಿಂತು ಇವು ಯಾರವು ಎಂದು ಕೇಳಿದರು. ಒಯ್ಯದವರವು ಎಂದೆ. ಮುಂದೆ ಹೋದರು.

ನಿನ್ನೆ, ಜೂನ್ 4ರ ಬುಧವಾರ, ಬೆಳಿಗ್ಗೆ 11.30ಕ್ಕೆ, ಜಾಮೀನಿನ ಮೇಲೆ ಹೊರಗಿರುವ ಆರೋಪಿ ನನ್ನನ್ನು ತಮ್ಮ ವಕೀಲರ ಕಚೇರಿಗೆ ಕರೆದೊಯ್ದರು. ನಾದಿನಿಯೂ ಬಂದಿದ್ದರು. ಕನ್ನಡಕದ ಅಂಗಡಿಯ ಮೇಲೆ, 22 ಮೆಟ್ಟಿಲು ಹತ್ತಬೇಕು. ವಕೀಲರು ಕಿತ್ತಳೆ ಹಣ್ಣು ಬಿಡಿಸಿ ತಿನ್ನುತ್ತಿದ್ದರು, ಬೀಜಗಳನ್ನು ನಮ್ಮ ಪ್ರಕರಣದ ಕಡತದ ಮೇಲೆ ಉಗುಳುತ್ತಿದ್ದರು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವರು. ಅವರು ವಿವರಿಸಿದ್ದು ಹೀಗೆ. ಇಂಥ ಪ್ರಕರಣದಲ್ಲಿ ಬೇರೆ ಸಾಕ್ಷಿಯೇ ಬೇಕೆಂದಿಲ್ಲ. ಹುಡುಗಿಯ ಮಾತು ನಂಬುವಂತಿದ್ದರೆ ಅದೊಂದರ ಮೇಲೆಯೇ ಶಿಕ್ಷೆ ಕೊಡಬಹುದು. ಮನೆಯೊಳಗೆ ನಡೆಯುವುದಕ್ಕೆ ಮನೆಯವರು ಸಾಕ್ಷಿ ಹೇಳುವುದಿಲ್ಲವೆಂದು ನ್ಯಾಯಾಧೀಶರಿಗೂ ಗೊತ್ತು. ಸಣ್ಣಪುಟ್ಟ ವ್ಯತ್ಯಾಸವನ್ನು ಅವರು ದೊಡ್ಡದು ಮಾಡುವುದೂ ಇಲ್ಲ. ‘ಅದಕ್ಕೇ ನಾವು ಆ ನಂಬಿಕೆಗೇ ಕೈ ಹಾಕ್ಬೇಕು. ಸ್ವೆಟರ್ ಇದ್ದ ಹಾಗೆ, ಒಂದು ಎಳೆ ಸಿಕ್ರೆ ಸಾಕು, ಪೂರ್ತಿ ಬಿಚ್ಕೊಳ್ಳುತ್ತೆ’ ಎಂದರು. ಹಾಗೆ ಹೇಳಿ ಬೆರಳಿನಿಂದ ಎಳೆ ಎಳೆಯುವಂತೆ ಮಾಡಿ ತೋರಿಸಿದರು.

ಆಮೇಲೆ ನಾದಿನಿಯ ಮೇಲೆ ರೇಗಿದರು. ನಾಲ್ಕು ಜನರ ಹೇಳಿಕೆಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ, ಓದಿದವರಿಗೆ ಅನುಮಾನ ಬರುತ್ತದೆ ಎಂದರು. ನಾದಿನಿ ಮುಖ ಊದಿಸಿಕೊಂಡರು. ವಕೀಲರು ನನ್ನ ಕಡೆ ತಿರುಗಿ, ‘ಅಮ್ಮಾ, ನೀವು ಸೋಮವಾರ ಒಂದೆರಡು ಕಡೆ ತಡವರಿಸಿ. ಸಮಯ ಕೇಳಿದ್ರೆ ಸ್ವಲ್ಪ ಯೋಚ್ನೆ ಮಾಡಿ. ನಿಜ ಹೇಳೋರು ಹಾಗೇ ಮಾಡೋದು’ ಎಂದು ಹೇಳಿದರು. ಎಲ್ಲೆಲ್ಲಿ ತಡವರಿಸಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟರು. ಆ ಹಾಳೆಯನ್ನು ಇದರೊಂದಿಗೆ ಕೊಟ್ಟಿದ್ದೇನೆ.

12.15ಕ್ಕೆ ಅವರು ಹುಡುಗಿಯ ಸಾಕ್ಷ್ಯದ ಪ್ರತಿಯನ್ನು ಗಟ್ಟಿಯಾಗಿ ಓದಿದರು. ಅವಳು ಎಲ್ಲೆಲ್ಲಿ ತಡವರಿಸಿದ್ದಳೋ ಅಲ್ಲೆಲ್ಲ ಕೆಂಪು ಗೆರೆ ಎಳೆದಿದ್ದರು. ವೈದ್ಯರ ಮುಂದೆ, ಕಿತ್ತುಹೋದದ್ದು ಎರಡು ಗುಂಡಿ ಎಂದಿದ್ದಳು; ನ್ಯಾಯಾಲಯದಲ್ಲಿ, ಹದಿಮೂರು ತಿಂಗಳ ನಂತರ, ಇಪ್ಪತ್ತು ನಿಮಿಷ ಇದೊಂದನ್ನೇ ಕೇಳಿದ ಮೇಲೆ ‘ಎರಡೋ ಮೂರೋ’ ಎಂದಳು. ಕೆಂಪು ಗೆರೆ. ಮೊದಲು ನಾಲ್ಕೂವರೆ ಎಂದದ್ದು ಈಗ ಐದರ ಹತ್ತಿರ. ಕೆಂಪು ಗೆರೆ. ಹತ್ತು ದಿನ ಅದೇ ಅಂಗಡಿಯಲ್ಲಿ ಕೆಲಸ ಮಾಡಿದೆಯಲ್ಲ, ಯಾಕೆ ಎಂದು ಕೇಳಿದಾಗ ಅವಳು ಉತ್ತರ ಕೊಡಲಿಲ್ಲವೆಂದು ಬರೆದಿತ್ತು. ಉತ್ತರ ಅವಳಿಗೆ ಗೊತ್ತಿತ್ತು. ನಾನು ಇರು ಎಂದಿದ್ದೆ. ಅವಳು ನನ್ನ ಮಾನ ಕಾಯಲು ಸುಮ್ಮನಿದ್ದಳು. ಎಲ್ಲಕ್ಕಿಂತ ದಪ್ಪ ಕೆಂಪು ಗೆರೆ ಅದರ ಕೆಳಗಿತ್ತು.

ಕೊನೆಯ ಪುಟಕ್ಕೆ ಬಂದಾಗ ವಕೀಲರು ಕೈ ಒರೆಸಿಕೊಂಡರು. ಆ ಅಂಗಿ ಎಲ್ಲಿ ಎಂದು ಅವಳನ್ನು ಕೇಳಿದ್ದರು. ದೊಡ್ಡಮ್ಮನ ಕೈಗೆ ಕೊಟ್ಟೆ ಎಂದಿದ್ದಳು. ಕೊಟ್ಟಿಲ್ಲವೆಂದು ದೊಡ್ಡಮ್ಮ ಪೊಲೀಸರಿಗೆ ಹೇಳಿದ್ದಾರೆ, ಹಾಗಾದರೆ ನಿನ್ನನ್ನು ಸಾಕಿದ ದೊಡ್ಡಮ್ಮ ಸುಳ್ಳಿಯಾ ಎಂದು ಕೇಳಿದ್ದರು. ಅವಳ ಉತ್ತರವನ್ನು ವಕೀಲರು ಎರಡು ಸಲ ಓದಿದರು: ‘ದೊಡ್ಡಮ್ಮ ಸುಳ್ಳು ಹೇಳೋರಲ್ಲ. ಅವತ್ತು ಬಟ್ಟೆ ಜಾಸ್ತಿ ಇತ್ತು. ಮರ್ತಿರ್ಬೇಕು.’

ಈ ಒಂದು ಸಾಲು ಸಾಕು ಎಂದು ವಕೀಲರು ಹೇಳಿದರು. ದೊಡ್ಡಮ್ಮ ಸುಳ್ಳು ಹೇಳುವವರಲ್ಲವೆಂದು ಅವಳೇ ಒಪ್ಪಿದ್ದಾಳೆ, ಆ ದೊಡ್ಡಮ್ಮ ಬಂದು ಇಲ್ಲ ಎಂದರೆ ಕಥೆ ಮುಗಿಯಿತು ಎಂದರು. ನಾದಿನಿ, ‘ಅಷ್ಟಾದ್ರೂ ಉಂಡ ಮನೆ ಋಣ ಇದೆಯಲ್ಲ’ ಎಂದರು. ಆರೋಪಿ ನಕ್ಕರು. ‘ನೋಡಿದ್ಯಾ, ನಿಂಗೇ ಸರ್ಟಿಫಿಕೇಟ್ ಕೊಟ್ಟಿದಾಳೆ’ ಎಂದು ನನ್ನ ಭುಜ ತಟ್ಟಿದರು. ಎಡ ಭುಜ. ಎದ್ದು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ, ಮುಖ ತೊಳೆದು ಬಂದು ಕೂತೆ. ವಕೀಲರು ಕೇಳಿದ ಎಲ್ಲಕ್ಕೂ ಉತ್ತರ ಕೊಟ್ಟೆ, ಪೆನ್ಸಿಲ್ ಗುರುತು ಇದ್ದ ಕಡೆಯಲ್ಲೆಲ್ಲ ತಡವರಿಸಿದೆ. ಶಭಾಷ್ ಎಂದರು.

3.10ಕ್ಕೆ ಅಂಗಡಿಗೆ ಬಂದೆವು. ಆರೋಪಿ ಮೇಲೆ ಮಲಗಲು ಹೋದರು. ನಾನು ಸ್ಟ್ಯಾಂಡಿನ ಬಳಿ ಹೋದೆ. ಹದಿನಾಲ್ಕು ತಿಂಗಳು ನಾನು ಆ ಕಡೆ ಕಣ್ಣು ಹಾಯಿಸಿರಲಿಲ್ಲ. ಉಳಿದ ಬಟ್ಟೆಗಳ ಕವರುಗಳು ಧೂಳು ಹಿಡಿದು ಹಳದಿಯಾಗಿದ್ದವು. ಹಸಿರು ಅಂಗಿಯ ಕವರು ಮಾತ್ರ ಹೊಸದಾಗಿತ್ತು. ಹಿಂದೆ ಹಬೆಯಣ್ಣ ಬಂದು ನಿಂತಿದ್ದರು. ‘ತಿಂಗ್ಳಿಗೊಂದ್ಸಲ ನಾನೇ ಕವರ್ ಬದ್ಲಾಯಿಸ್ತಿದ್ದೆ ನಂಬರಮ್ಮ. ಮಗು ಬಟ್ಟೆ, ಧೂಳು ಕೂರ್ಬಾರ್ದು ಅಂತ’ ಎಂದರು. ಆ ದಿನ ನೀವು ಏನು ನೋಡಿದಿರಿ ಎಂದು ನಾನು ಮೊದಲ ಸಲ ಕೇಳಿದೆ. ಐದು ಗಂಟೆ ಹೊಡೆದ ಮೇಲೆ ಹುಡುಗಿ ಗೋಡೆ ಹಿಡಿದುಕೊಂಡು ಒಣಗಿಸುವ ಕೋಣೆಯಿಂದ ಹೊರಬಂದದ್ದನ್ನು ನೋಡಿದೆ ಎಂದರು. ಮತ್ತೆ ಯಾಕೆ ಹೇಳಲಿಲ್ಲ ಎಂದೆ. ‘ನೀವೇ ಹೇಳ್ಲಿಲ್ಲ, ನಾನ್ಯಾರು’ ಎಂದರು. ಕರೆದರೆ ಬಂದು ಹೇಳುವುದಾಗಿ ತಿಳಿಸಿದ್ದಾರೆ.

4.20ಕ್ಕೆ ಆರೋಪಿ ಕೆಳಗೆ ಬಂದರು. ನಾನು ಅಂಗಿಯನ್ನು ಮೇಜಿನ ಮೇಲೆ ಹರಡಿದ್ದೆ. ಪಟ್ಟಿ ಓದಿದರು, ಆ ಗುರುತುಗಳು ಅವರಿಗೂ ಗೊತ್ತು. ಸುಟ್ಟಿಲ್ಲವಾ ಎಂದು ಕೇಳಿದರು. ನೀವು ಮಾಡಿದ್ದೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿ ಎಂದು ನಾನು ಕೇಳಿದೆ. ಈ ಹದಿನಾಲ್ಕು ತಿಂಗಳಲ್ಲಿ ನಾನು ಕೇಳಿಯೇ ಇರಲಿಲ್ಲ. ಅವರು ಇಲ್ಲ ಎನ್ನಲಿಲ್ಲ. ‘ಆಗಿದ್ದು ಆಗೋಯ್ತು, ಈಗ ಕೆದಕಿ ಯಾರಿಗೇನು ಬಂತು’ ಎಂದರು. ಈ ಮಾತನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ. ಹಬೆಯಣ್ಣ ಹತ್ತು ಅಡಿ ದೂರದಲ್ಲಿದ್ದರು, ಅವರೂ ಕೇಳಿದ್ದಾರೆ. ಕಾಯಬೇಕಾದವರೇ ಹೀಗೆ ಮಾಡಿದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದು ನಾನು ಹೇಳಿದೆ. ಅದಕ್ಕೆ ಅವರು, ‘ಹದಿನಾಲ್ಕು ತಿಂಗ್ಳು ನನ್ನ ಬಟ್ಟೆ ಒಗ್ದಿದ್ಯಲ್ಲ, ಗೊತ್ತಿಲ್ದೇ ಒಗ್ದ್ಯಾ’ ಎಂದು ಕೇಳಿದರು. ಅವರು ಹೇಳಿದ್ದರಲ್ಲಿ ಅದೊಂದು ಸರಿಯಾದ ಪ್ರಶ್ನೆ.

5.35ಕ್ಕೆ ನಾನು ಎರಡು ಜೊತೆ ಬಟ್ಟೆ ಮತ್ತು ಈ ಅಂಗಿಯನ್ನು ತೆಗೆದುಕೊಂಡು ಹೊರಟೆ. ಆರೋಪಿ ಅಡ್ಡ ಬರಲಿಲ್ಲ. ಹೋಗಿ ನಾಲ್ಕು ದಿನದಲ್ಲಿ ಬರುತ್ತಾಳೆಂದು ನಾದಿನಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿತು.

ಅಂಗಿಯನ್ನು ಇಂದು ಬೆಳಿಗ್ಗೆ 10.05ಕ್ಕೆ ಅಧಿಕಾರಿಯ ಕೈಗೆ ಕೊಟ್ಟಿದ್ದೇನೆ. ಕೊಡುವಾಗ ಅದರ ಸ್ಥಿತಿ: ಹಸಿರು ಬಣ್ಣ, ತೊಳೆದದ್ದು. ಎದೆಯ ಎರಡು ಗುಂಡಿ ಇಲ್ಲ. ಎಡ ಭುಜದ ಹೊಲಿಗೆ ನಾಲ್ಕು ಇಂಚು ಬಿಚ್ಚಿದೆ. ಬೆನ್ನಿನ ಮೇಲೆ ತುಕ್ಕಿನ ಎರಡು ಗೆರೆ, ನಡುವೆ ಒಂಬತ್ತು ಇಂಚು. ಕಾಲರಿನಲ್ಲಿ ಪಟ್ಟಿ ಹಾಗೆಯೇ ಇದೆ. ಇದರಿಂದ ಏನು ಸಾಬೀತಾಗುತ್ತದೆ ಎಂದು ಹೇಳುವುದು ನನ್ನ ಕೆಲಸವಲ್ಲ. ಒಮ್ಮೆ ಸುಳ್ಳು ಬರೆಸಿದವಳ ಮಾತಿಗೆ ಎಷ್ಟು ಬೆಲೆ ಎಂದು ಆರೋಪಿಯ ವಕೀಲರು ಕೇಳಿಯೇ ಕೇಳುತ್ತಾರೆ. ಕೇಳಲಿ, ಆ ಪಟ್ಟಿ ಬರೆಯುವಾಗ ನಾನು ಇನ್ನೂ ಯಾರ ಪಾಠವನ್ನೂ ಕಲಿತಿರಲಿಲ್ಲ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ, ಅಂಗಿ ತೊಳೆದು ಬಚ್ಚಿಟ್ಟದ್ದಕ್ಕೆ ನನ್ನ ಮೇಲೆ ಏನು ಕ್ರಮವಿದೆಯೋ ಅದನ್ನು ತೆಗೆದುಕೊಳ್ಳಬಹುದು. ಪ್ರಕರಣ ಮುಗಿದ ಮೇಲೆ ಅಂಗಿಯನ್ನು ನನಗೆ ಹಿಂದಿರುಗಿಸಬಾರದು. ಅದು ಅವಳದು, ಬೇಕೋ ಬೇಡವೋ ಅವಳನ್ನೇ ಕೇಳಬೇಕು.

ಗುಂಡಿ ಎರಡೇ. ಅವಳು ಮೊದಲು ಹೇಳಿದ್ದೇ ಸರಿ. ಸಮಯ ನಾಲ್ಕೂ ನಲವತ್ತು. ಅವಳ ಎರಡೂ ಮಾತು ಅದರ ಆಸುಪಾಸಿನಲ್ಲೇ ಇವೆ. ಅಂಗಿಯನ್ನು ನನ್ನ ಕೈಗೆ ಕೊಟ್ಟದ್ದು ನಿಜ. ಅವಳ ಸಾಕ್ಷ್ಯವನ್ನೆಲ್ಲ ನಾನು ನಿನ್ನೆ ಕಿವಿಯಾರೆ ಕೇಳಿದ್ದೇನೆ. ಅದರಲ್ಲಿ ಸುಳ್ಳಾಗಿರುವುದು ಒಂದೇ ಒಂದು ಸಾಲು, ದೊಡ್ಡಮ್ಮ ಸುಳ್ಳು ಹೇಳೋರಲ್ಲ ಎಂಬುದು. ಆ ತಪ್ಪನ್ನು ನ್ಯಾಯಾಲಯ ಅವಳ ಲೆಕ್ಕಕ್ಕೆ ಹಾಕಬಾರದು.

ಈ ಮೇಲೆ ಬರೆದದ್ದನ್ನು ಅಧಿಕಾರಿ ನನಗೆ ಎರಡು ಸಲ ಓದಿ ಹೇಳಿದರು. ಎಲ್ಲವೂ ನಾನು ಹೇಳಿದ್ದೇ, ನಡೆದದ್ದೇ. ಯಾರೂ ಕಲಿಸಿದ್ದಲ್ಲ, ತಡವರಿಸಿದ ಕಡೆ ನಾನಾಗಿ ತಡವರಿಸಿದ್ದೇನೆ.

ಸ್ಥಳ: ಮಹಿಳಾ ಪೊಲೀಸ್ ಠಾಣೆ
ದಿನಾಂಕ: 5–6–2025, ಮಧ್ಯಾಹ್ನ 1.40
ಸಹಿ: (ಲಕೋಟೆಯಲ್ಲಿರುವ ಹೆಸರಿನಂತೆ)